ಇನ್ನೂರ ನಲವತ್ತು ಹರ್ಟ್ಸಿನ ಮಾನಿಟರ್ ಹಿಂದಿರುಗಿಸುವ ಬಗ್ಗೆ

ಇಂದ: ಪ್ರೂಫ್ ರೀಡರ್, ಕಿಟಕಿ ಪಕ್ಕದ ಮೇಜು
ಗೆ: ಮುದ್ರಣಾಲಯದ ಯಜಮಾನರು, ಗಾಜಿನ ಕೋಣೆ

ವಿಷಯ: ವೇಗದ ಮಾನಿಟರ್ ಹಿಂದಿರುಗಿಸಿ, ಅರ್ಧ ದಿನದ ರಜೆ ಕೋರುವ ಬಗ್ಗೆ.

ಉಲ್ಲೇಖ: ೧. ಅದೇ ಮಾನಿಟರ್ ಬೇಕೇ ಬೇಕೆಂದು ಅರ್ಜಿದಾರ ಹಟ ಹಿಡಿದು ಬರೆದ ಮೂರು ಅರ್ಜಿಗಳು.
೨. "ಆಯ್ತಪ್ಪ, ತಗೋ. ಇನ್ನು ನನ್ನ ತಲೆ ತಿನ್ಬೇಡ" ಎಂಬ ತಮ್ಮ ಮೌಖಿಕ ಆದೇಶ.

ಮಾನ್ಯರೇ,

ಅರ್ಜಿದಾರ ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ,

೧. ಇಪ್ಪತ್ತೆರಡು ವರ್ಷಗಳಿಂದ ಪ್ರೂಫ್ ನೋಡುತ್ತಿರುವ ಅರ್ಜಿದಾರನಿಗೆ ಈಚೆಗೆ ಅಕ್ಷರಗಳು ಮಸುಕಾಗಿ ಕಾಣತೊಡಗಿದ ಕಾರಣ, ತಪ್ಪು ಹಳೆಯ ಮಾನಿಟರಿನದೇ ಎಂದು ಆತ ತೀರ್ಮಾನಿಸಿದ. ಅದು ಸೆಕೆಂಡಿಗೆ ಅರವತ್ತು ಸಲ ಚಿತ್ರ ಬದಲಿಸುತ್ತದೆ, ಇನ್ನೂರ ನಲವತ್ತು ಸಲ ಬದಲಿಸುವುದು ಬಂದರೆ ಒಂದು ಕೊಂಬು, ಒಂದು ದೀರ್ಘವೂ ತನ್ನ ಕೈಯಿಂದ ತಪ್ಪಿಸಿಕೊಳ್ಳಲಾರದು ಎಂದು ಕಚೇರಿಯೆಲ್ಲ ಡಂಗುರ ಸಾರಿದ.

೨. ಮಾನಿಟರ್ ಬಂದ ದಿನದಿಂದ ಹೋಗಿಬರುವವರನ್ನೆಲ್ಲ ಹಿಡಿದು ನಿಲ್ಲಿಸಿ, "ನೀರು ಹರಿದಂಗೆ ಹರೀತಿದೆ ನೋಡಿ" ಎಂದ. ಮೊನ್ನೆ, ಪುಟ ಜೋಡಿಸುವುದಲ್ಲದೆ ಪರದೆಯ ಮೇಲೆ ಚಲಿಸುವ ಜಾಹೀರಾತುಗಳನ್ನೂ ಮಾಡುವ ನಮ್ಮ ಕಚೇರಿಯ ಅಕ್ಕ ಸೆಟ್ಟಿಂಗ್ಸ್ ತೆರೆದು ನೋಡಲಾಗಿ, ಅದು ಬಂದಾಗಿನಿಂದ, ಎರಡು ತಿಂಗಳೂ, ಅರವತ್ತರಲ್ಲೇ ಇತ್ತು.

"ಹರೀತಿದೆ ಅಂತಿದ್ರಲ್ಲ ಅಣ್ಣಾ?" ಎಂದರು.

ಅರ್ಜಿದಾರ ಸೀನು ಬಂದವನಂತೆ ಕರವಸ್ತ್ರ ಹುಡುಕಿದ.

೩. ಅಕ್ಕ ಅದನ್ನು ಇನ್ನೂರ ನಲವತ್ತಕ್ಕೆ ಏರಿಸಿದರು. ಮೌಸಿನ ಬಾಣ ಸರಾಗವಾಗಿ ಓಡಿತು, ಸುಳ್ಳು ಹೇಳಬಾರದು. ಆದರೆ ಅರ್ಜಿದಾರನ ಮುಂದಿರುವುದು ಪುಟ, ಅದು ಎಲ್ಲಿಗೂ ಓಡುವುದಿಲ್ಲ. ಕೂತಲ್ಲೇ ಕೂತ ಅಕ್ಷರವನ್ನು ಎಷ್ಟು ಸಲ ಹೊಸದಾಗಿ ತೋರಿಸಿದರೂ ಅದು ಮೊದಲಿನಷ್ಟೇ ಮಸುಕಾಗಿತ್ತು.

೪. ಆಗ ಅಕ್ಕ ದನಿ ತಗ್ಗಿಸಿ, "ಅಣ್ಣಾ, ಮಾನಿಟರ್ ಸರಿಯಾಗೇ ಇದೆ. ಆರು ತಿಂಗಳಿಂದ ನೀವು ಬಿಟ್ಟ ತಪ್ಪುಗಳನ್ನ ನಾನೇ ತಿದ್ದಿ ಅಚ್ಚಿಗೆ ಕಳಿಸ್ತಿದೀನಿ. ಮೊದಲು ಹೋಗಿ ಕಣ್ಣು ತೋರಿಸ್ಕೊಂಡು ಬನ್ನಿ" ಎಂದರು. ಅರ್ಜಿದಾರನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಕಣ್ಣು ಮಂಜಾದ ಪ್ರೂಫ್ ರೀಡರನನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂಬ ಈ ಭಯವೇ ಉಲ್ಲೇಖ ಒಂದರ ಮೂರೂ ಅರ್ಜಿಗಳನ್ನು ಬರೆಸಿದ್ದು ಎಂದು ಈ ಮೂಲಕ ಒಪ್ಪಿಕೊಳ್ಳಲಾಗಿದೆ.

ಆದ್ದರಿಂದ, ಸದರಿ ಮಾನಿಟರನ್ನು ಅದರ ಓಟ ನಿಜಕ್ಕೂ ಉಪಯೋಗಕ್ಕೆ ಬರುವ ಅಕ್ಕನ ಮೇಜಿಗೆ ವರ್ಗಾಯಿಸಬೇಕಾಗಿಯೂ, ನಾಳೆ ಬೆಳಗ್ಗೆ ಕಣ್ಣಿನ ವೈದ್ಯರನ್ನು ಕಾಣಲು ಅರ್ಜಿದಾರನಿಗೆ ರಜೆ ಕೊಡಬೇಕಾಗಿಯೂ, ಕನ್ನಡಕ ಕೈಗೆ ಬರುವವರೆಗೆ ಆತನನ್ನು ಕೆಲಸದಿಂದ ತೆಗೆಯದಿರಬೇಕಾಗಿಯೂ ಪ್ರಾರ್ಥನೆ.

ಇನ್ನು ಮುಂದೆ ತಲೆ ತಿನ್ನದ ತಮ್ಮ ವಿಶ್ವಾಸಿ,
(ಸಹಿ ಗೆರೆಗಿಂತ ಸ್ವಲ್ಪ ಕೆಳಗಿದೆ)

ಲಗತ್ತುಗಳು:
೧. ಮಾನಿಟರ್, ಒಂದು.
೨. ಅದರ ಕೈಪಿಡಿ, ಓದದೆ ಇಟ್ಟದ್ದು.

ವಿ.ಸೂ.: ಈ ಅರ್ಜಿಯ ಮೇಲಿನ ತಮ್ಮ ಆದೇಶವನ್ನು, ಅದು ಏನೇ ಇರಲಿ, ದಯವಿಟ್ಟು ದೊಡ್ಡ ಅಕ್ಷರದಲ್ಲಿ ಬರೆಯಬೇಕಾಗಿ ಕೋರಿಕೆ.