ಮಹಡಿಯಿಂದ ಇಳಿಯದ ದನಿ

ಧರಣಿ, ಕಾರ್ತಿಕ್, ನಿಮ್ಮ ಚಿಕ್ಕತಾತ ಕೈಯಿಟ್ಟರೆ ಕೆಟ್ಟ ಯಂತ್ರ ಸರಿಹೋಗುತ್ತದೆ ಎಂದು ಸೂಲೂರಿನ ನಮ್ಮ ಬೀದಿಯೆಲ್ಲ ಹೇಳುತ್ತದೆ. ನಿಜವೇ. ಸರಿಯಾಗಿರುವ ಯಂತ್ರಕ್ಕೆ ಕೈಯಿಟ್ಟರೆ ಏನಾಗುತ್ತದೆಂದು ನನಗೆ ಮಾತ್ರ ಗೊತ್ತು! ನಾಲ್ಕು ಜನರ ಮುಂದೆ ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ಶಾಲೆಯಲ್ಲಿ ತಮಿಳು ಕಲಿತ ನಿಮಗೆ ಕನ್ನಡ ಓದಲು ಬಾರದಿದ್ದರೆ ಅಮ್ಮನ ಕೈಲಿ ಓದಿಸಿಕೊಳ್ಳಿ.

ಚಿಕ್ಕತಾತ ಅಂದರೆ ನನ್ನ ಮೈದುನ, ನಾನು ಕರೆಯುವುದು ತಮಿಳಿನಲ್ಲಿ 'ತಂಬಿ' ಎಂದು. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಬಟ್ಟೆ ಹೆಣೆಯುವ ಯಂತ್ರಗಳ ಫಿಟ್ಟರ್ ಆಗಿದ್ದವರು. ಮದುವೆಯಾಗಲಿಲ್ಲ. ಕೋಣೆ ತುಂಬ ಬಿಚ್ಚಿಟ್ಟ ಸಾಮಾನು, ಹೆಣ್ಣು ಕಾಲಿಡುವುದಾದರೂ ಎಲ್ಲಿ? ಕಂಪನಿ ಬೇಡವೆಂದ ಹಳೆಯ ಕಂಪ್ಯೂಟರನ್ನು ಸ್ಕೂಟರಿನ ಮೇಲೆ ತಂದರು. ಆಯುಧಪೂಜೆಯ ದಿನ ಪೂಜೆ ಮಾಡಿ ಮಹಡಿಯಲ್ಲಿಟ್ಟು, ಅದಕ್ಕೆ ಲಿನಕ್ಸ್ ಎಂಬ ತಂತ್ರಾಂಶ ತುಂಬಿ ಸರ್ವರ್ ಮಾಡಿದರು. ಮನೆಯ ಫೋಟೋ, ವಿಡಿಯೋ ಎಲ್ಲ ಅದರೊಳಗೆ. ನೋಡುವುದು ಕೆಳಗೆ, ಹಜಾರದ ಕಂಪ್ಯೂಟರಿನಲ್ಲಿ. ನಡುವೆ ಒಂದು ನೀಲಿ ಕೇಬಲ್, ಮೆಟ್ಟಿಲಿನ ಕಂಬಿಗೆ ಬನಿಯನ್ ಚೂರುಗಳಿಂದ ಕಟ್ಟಿದ್ದು.

ಆ ಹೊತ್ತಿಗೆ ನಿಮ್ಮ ತಾತ ತೀರಿಕೊಂಡಿದ್ದರು. ಅವರ ದನಿ ಉಳಿದದ್ದು ಒಂದೇ ಕಡೆ, ಹಿಂದೊಮ್ಮೆ ಪೊಂಗಲ್ ದಿನ ಮೈದುನ ಹಿಡಿದ ವಿಡಿಯೋ ಕ್ಯಾಸೆಟ್ಟಿನಲ್ಲಿ. ಅದಕ್ಕೆ ಬೂಷ್ಟು ಹಿಡಿಯುವ ಮೊದಲೇ ಸರ್ವರಿಗೆ ಇಳಿಸಿದ್ದರು. ಅದನ್ನು ಹಜಾರದಲ್ಲಿ ಹಾಕಿದೆವು. ತಾತ ಬಾಯಿ ತೆರೆದು "ಏ..." ಎಂದರು. ನಿಂತುಬಿಟ್ಟರು. ನಾನು ಲೋಟ ತೊಳೆದಿಟ್ಟು ಬಂದೆ. "...ನೋ" ಎಂದರು. ಬದುಕಿದ್ದಾಗ ಇಷ್ಟು ನಿಧಾನವಾಗಿ ಮಾತಾಡಿದವರೇ ಅಲ್ಲ! ನನಗೆ ನಗು ಬಂತು. ಆದರೂ ಒಂದೇ ಒಂದು ಸಲ ಆ ಮಾತನ್ನು ಪೂರ್ತಿಯಾಗಿ ಕೇಳಬೇಕೆಂದು ಆಸೆ.

"ಮೇಲೇ ಬಂದು ನೋಡ್ತೀನಿ ತಂಬಿ" ಎಂದೆ.

"ಬೇಡ ಅತ್ತಿಗೆ! ಮೊಣಕಾಲು ಹಿಡ್ಕೊಂಡು ನೀವು ಮೆಟ್ಲು ಹತ್ತೋದಾದ್ರೆ ಈ ಸರ್ವರ್ ಯಾಕೆ? ಕೊಂಜ ಇರಿ, ಒಂಚೂರು ತಾಳಿ."

ತನಿಖೆ ಶುರುವಾಯಿತು. ಮೊದಲ ಅನುಮಾನ ಫ್ರಿಜ್ಜಿನ ಮೇಲೆ, ಅದು ಕರೆಂಟ್ ಕೆಡಿಸುತ್ತದೆಂದು. ಅದನ್ನು ಆಫ್ ಮಾಡಿಸಿದರು. ಹಾಲು ಒಡೆಯಿತು, ವಿಡಿಯೋ ಹಾಗೇ ಇತ್ತು. ಆಮೇಲೆ ಡಿಸ್ಕು. ಮಹಡಿಯಲ್ಲೇ ಹಾಕಿದರೆ ವಿಡಿಯೋ ಸರಾಗವಾಗಿ ಓಡಿತು, ಡಿಸ್ಕಿಗೆ ಬಿಡುಗಡೆಯಾಯಿತು. ಬಳಿಕ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಕುಟ್ಟಿ ಸೆಟ್ಟಿಂಗ್ ಬದಲಿಸಿದರು. ತಾತ "ಏ" ಎನ್ನುವುದೂ ನಿಂತಿತು!

"ಏನು ತಂಬಿ, ಈಗ ಸರ್ವರ್ ಬಾಗಿಲೇ ತೆಗೀತಿಲ್ಲ?"

"ಆಮಾ, ಹೌದು ಅತ್ತಿಗೆ, ಸೆಕ್ಯೂರಿಟಿ ಸರಿಹೋಯ್ತು!"

ಬಾಗಿಲು ಮತ್ತೆ ತೆಗೆಸಿ, ಹೊಸ ಕೇಬಲ್ ಎಳೆದರು. ಅದೇ ನಿಧಾನ. ಕೊನೆಗೆ ಪರದೆಯಲ್ಲಿ ಏನೋ ನೋಡಿ, "ವೇಗ ನೂರು ಇರ್ಬೇಕಾದ ಕಡೆ ಹತ್ತು ಅಂತಿದೆ!" ಎಂದು ಕೂಗಿದರು. ಕೇಬಲ್ ಕಿತ್ತು, ಸರ್ವರಿನ ಹಿಂಭಾಗಕ್ಕೆ ಟಾರ್ಚ್ ಬಿಟ್ಟರು. ಏನನ್ನೋ ಕೆರೆಯುವ ಸದ್ದು ಕೇಳಿತು.

"ಏನಾಯ್ತು ತಂಬಿ?"

"ಗಂಧ, ಅತ್ತಿಗೆ."

ಆಯುಧಪೂಜೆಯಲ್ಲಿ ಯಂತ್ರಕ್ಕೆ ನೂಲು ಹೋಗುವ ಬಾಯಿಗೇ ಗಂಧ ಕುಂಕುಮ ಇಡುವುದು ಅವರ ಕಂಪನಿಯ ರೂಢಿ. ಸರ್ವರಿಗೆ ನೂಲು ಎಲ್ಲಿ? ಕೇಬಲ್ಲೇ ನೂಲು! ಅದು ಸೇರುವ ತೂತಿಗೆ ಭಕ್ತಿಯಿಂದ ಬೆರಳು ತುಂಬ ಮೆತ್ತಿದ್ದರು. ಒಣಗಿ ಗಟ್ಟಿಯಾಗಿ ಒಳಗಿನ ತಂತಿಗಳಿಗೆ ಅಂಟಿ, ಕೇಬಲ್ ಸರಿಯಾಗಿ ತಾಗಲು ಬಿಟ್ಟಿರಲಿಲ್ಲ.

"ಯಾರಪ್ಪಾ ಇಟ್ಟದ್ದು?" ಎಂದೆ, ಗೊತ್ತಿದ್ದೂ.

"ಫ್ರಿಜ್ ಅಂತೂ ಅಲ್ಲ" ಎಂದರು.

ಹಳೇ ಹಲ್ಲುಜ್ಜುವ ಬ್ರಷ್‌ಗೆ ಸ್ಪಿರಿಟ್ ಹಚ್ಚಿ ಉಜ್ಜಿದರು. ನಾನು ಕೆಳಗೆ ವಿಡಿಯೋ ಹಾಕಿದೆ. ತಾತ ಒಂದೇ ಉಸಿರಿಗೆ ಹೇಳಿದರು: "ಏನೋ, ನನ್ನನ್ನೇ ಎಷ್ಟು ಹಿಡೀತೀಯ? ನಿನ್ನ ಅತ್ತಿಗೆ ಅಲ್ಲಿ ಒಲೆ ಹತ್ರ ಒಬ್ಳೇ ನಿಂತಿದ್ದಾಳೆ. ಏ, ನೀನೂ ಬಾರೇ ಇಲ್ಲಿ!"

ತಿರುಗಿ ನೋಡಿದರೆ ಮೈದುನ ಮೆಟ್ಟಿಲ ಮೇಲೆ ಕೂತು ಕಂಬಿ ಹಿಡಿದುಕೊಂಡಿದ್ದರು.

"ಯಾಕೆ ತಂಬಿ ಹಂಗೆ ಕೂತೆ? ಮೇಲೆ ಚೆನ್ನಾಗಿ ಓಡ್ತಿತ್ತಲ್ಲ, ನೀನು ಆವತ್ತೇ ಕೇಳಿರ್ಬೇಕು."

"ಇಲ್ಲ ಅತ್ತಿಗೆ. ಆವತ್ತೂ, ಕ್ಯಾಸೆಟ್ಟಿಂದ ಇಳಿಸುವಾಗ್ಲೂ ಸ್ಪೀಕರ್ ಕಿತ್ತಿಟ್ಟಿದ್ದೆ. ಅಣ್ಣನ ದನೀನ ನೀವು ಕೇಳೋ ಮುಂಚೆ ನಾನು ಹೆಂಗೆ ಕೇಳ್ಲಿ?"

ನಾನು ವಿಡಿಯೋವನ್ನು ಮತ್ತೆ ಮೊದಲಿನಿಂದ ಹಾಕಿ, ದನಿ ಮೆಟ್ಟಿಲವರೆಗೂ ಕೇಳುವಂತೆ ಜೋರು ಮಾಡಿದೆ.

ಮಕ್ಕಳೇ, ತಾತನ ದನಿ ಮಹಡಿಯಲ್ಲಿದೆ, ಬೇಕಾದಾಗ ಕೇಳಿ. ಅದನ್ನು ಕೇಳದೆ ಕಾದು ಕೂತಿದ್ದವರ ವಿಷಯ ಮಾತ್ರ ಇನ್ನೆಲ್ಲೂ ಇಲ್ಲ. ಈ ಹಾಳೆಗಳನ್ನು ಜೋಪಾನವಾಗಿಟ್ಟುಕೊಳ್ಳಿ.