ಒಂಟಿಕಾಲಿನ ಗಿಳಿಯ ಪೆಟ್ಟಿಗೆ

ಪಾಸ್ತೊ ಊರಿನ ಫಿದೆನ್ಸಿಯೊಗೆ ಹೆಂಡತಿಯ ಮೇಲೆ ಇದ್ದದ್ದು ಒಂದೇ ದೂರು: ಅವಳು ಪೆಟ್ಟಿಗೆಗಳನ್ನು ಬಳಸುತ್ತಾಳೆ.

ಪೆಟ್ಟಿಗೆ ಇರುವುದು ಮತ್ತೇತಕ್ಕೆ ಎಂದು ನೀವು ಕೇಳಬಹುದು. ಒತಿಲಿಯಾ ಕೇಳುತ್ತಿದ್ದದ್ದೂ ಅದನ್ನೇ. ನೋಟರಿ ಕಚೇರಿಯ ಗುಮಾಸ್ತಿಕೆಯಿಂದ ನಿವೃತ್ತನಾದವನು ಒಂದೇ ಪೆಟ್ಟಿಗೆ ಹಳೇ ಪೆಟ್ಟಿಗೆಗಳ ಹುಚ್ಚಿಗೆ ಬಿದ್ದಿದ್ದ. ಸಿಗಾರಿನ ಪೆಟ್ಟಿಗೆ, ಹೊಲಿಗೆಯ ಪೆಟ್ಟಿಗೆ, ಯಾವುದೋ ರಾಣಿಯ ಚಿತ್ರವಿದ್ದ ಬಿಸ್ಕತ್ತಿನ ಡಬ್ಬ, ಕೀಲಿ ಕೊಟ್ಟರೆ ಅರ್ಧ ಹಾಡಿ ಸುಮ್ಮನಾಗುವ ಸಂಗೀತದ ಪೆಟ್ಟಿಗೆ, ಹೀಗೆ ಒಟ್ಟು ನಲವತ್ತಮೂರು. (ಅದರಲ್ಲಿ ಎರಡಕ್ಕೆ ಮುಚ್ಚಳವಿರಲಿಲ್ಲ. ಅವನ್ನು ಆತ ‘ಅಪೂರ್ಣ ಕೃತಿಗಳು’ ಎನ್ನುತ್ತಿದ್ದ.)

“ಒತಿಲಿಯಾ! ಈ ಸೀಡರ್ ಮರದ ಕರಂಡಕದಲ್ಲಿ ಬೆಳ್ಳುಳ್ಳಿ ಇಟ್ಟಿದ್ದು ಯಾರು?”

“ನಾನೇ ರೀ. ಮನೇಲಿ ಇನ್ಯಾರಿದ್ದಾರೆ?”

“ಇದು ನೂರು ವರ್ಷದ್ದು ಕಣೇ!”

“ಬೆಳ್ಳುಳ್ಳಿ ಮೊನ್ನೇದು. ಹೆದರ್ಕೋಬೇಡಿ.”

ಇಂಥ ಮನೆಗೆ ನಲವತ್ತನಾಲ್ಕನೆಯದಾಗಿ ಬಂದದ್ದು ಗಿಳಿಯ ಪೆಟ್ಟಿಗೆ. ಅಂಗೈಯಗಲದ್ದು, ಕಪ್ಪು ನೆಲದ ಮೇಲೆ ಕೆಂಪು ಬಳ್ಳಿ, ಬಳ್ಳಿಯ ಮೇಲೆ ಹಸಿರು ಗಿಳಿ. ಬಣ್ಣ ಬಳಿದದ್ದಲ್ಲ. ಕಾಡಿನಿಂದ ತಂದ ಅಂಟನ್ನು ಬೇಯಿಸಿ, ಬಣ್ಣ ಕಲಸಿ, ಈರುಳ್ಳಿ ಪೊರೆಯಷ್ಟು ತೆಳ್ಳಗೆ ಎಳೆದು, ಕತ್ತರಿಸಿ ಮರಕ್ಕೆ ಕೂರಿಸಿದ್ದು. ಆ ಊರಿನ ಹಳೇ ಕಸುಬು ಅದು. ನೂರೈವತ್ತು ವರ್ಷ ಹಳೆಯದೆಂದು ಮಾರಿದವನು ಹೇಳಿದ್ದ. ಒತಿಲಿಯಾ ಅಡುಗೆಯ ಏಪ್ರನ್ನಿಗೆ ಕೈ ಒರೆಸಿಕೊಂಡು ಬಂದು ಬಹಳ ಹೊತ್ತು ನೋಡಿದಳು. “ಚೆನ್ನಾಗಿದೆ” ಎಂದಷ್ಟೇ ಹೇಳಿ ಒಳಗೆ ಹೋದಳು.

ಅಂದಿನಿಂದ ಸಂಜೆ ಕಾಫಿಗೆ ಬಂದವರಿಗೆಲ್ಲ ಬ್ರೆಡ್ಡಿನ ಜೊತೆ ಉಪನ್ಯಾಸವೂ ಸಿಗತೊಡಗಿತು. “ಈ ಕತ್ತಿನ ತಿರುವು ನೋಡಿ! ಇಂಥ ಕೈ ಈಗಿನ ಕಾಲದಲ್ಲಿ ಎಲ್ಲಿದೆ? ಮತ್ತೆ ಗಮನಿಸಿ, ಗಿಳಿಗೆ ಒಂದೇ ಕಾಲು. ಯಾಕೆ? ಒಂದು ಕಾಲು ಲೋಕದಲ್ಲಿ, ಇನ್ನೊಂದು ಅಗೋಚರದಲ್ಲಿ! ಮಹಾಗುರು ಆತ, ಮಹಾಗುರು!” ಒತಿಲಿಯಾ ಕಾಫಿ ಬಗ್ಗಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. ಒಮ್ಮೊಮ್ಮೆ ಬಗ್ಗಿಸುವುದು ಮುಗಿದ ಮೇಲೂ ಹೂಜಿ ಹಿಡಿದು ನಿಂತಿರುತ್ತಿದ್ದಳು.

ಊರಿನ ಕಲಾಭವನದವರು ಶನಿವಾರ ಹಳೇ ಪೆಟ್ಟಿಗೆಗಳ ಪ್ರದರ್ಶನ ಇಟ್ಟುಕೊಂಡರು. ಫಿದೆನ್ಸಿಯೊಗೆ ಹತ್ತು ನಿಮಿಷ ಮಾತಾಡಲು ಹೇಳಿದರು. ಅವನು ನಲವತ್ತು ನಿಮಿಷದ್ದು ಬರೆದ. ಪೆಟ್ಟಿಗೆಯ ಮುಂದಿಡಲು ‘ಅನಾಮಿಕ ಮಹಾಗುರುವಿನ ಕೃತಿ’ ಎಂದು ಚೀಟಿಯನ್ನೂ ಬರೆದ. ಗುರುವಾರ, ಗಿಳಿ ಇನ್ನಷ್ಟು ಹೊಳೆಯಲಿ ಎಂದು ಸೋಂಪಿನ ಸಾರಾಯಿಯಲ್ಲಿ ಬಟ್ಟೆ ಅದ್ದಿ ಪೆಟ್ಟಿಗೆಯನ್ನು ತಿಕ್ಕಿ, ಬೇಗ ಆರಲೆಂದು ಒಲೆಯ ಪಕ್ಕ ಇಟ್ಟ. (ಮಿಕ್ಕ ಸಾರಾಯಿ ತಿಕ್ಕಿದವನ ಹೊಟ್ಟೆಗೆ ಹೋಯಿತು.) ಮರಳಿ ಬಂದು ನೋಡಿದರೆ ಗಿಳಿಯ ಕತ್ತು ಗುಳ್ಳೆಯೆದ್ದಿತ್ತು. ಉಗುರಿನಿಂದ ಮೆಲ್ಲಗೆ ಒತ್ತಿದ. ಗಿಳಿಯ ತಲೆ ಉಗುರಿಗೇ ಬಂತು.

“ಒತಿಲಿಯಾ! ಕೊಂದುಬಿಟ್ಟೆ!”

ಅವಳು ಓಡಿ ಬಂದಳು. ಅವನ ಉಗುರಿನ ಮೇಲಿದ್ದ ಹಸಿರು ಚೂರನ್ನು ನೋಡಿದಳು. ಬೈಯುತ್ತಾಳೆಂದು ಅವನು ಕಾದ. ಅವಳು ಬೈಯಲಿಲ್ಲ, ಶಾಲು ಹೊದ್ದು ಹೊರಟಳು.

“ಎಲ್ಲಿಗೆ?”

“ಅಣ್ಣನ ಹತ್ರ. ಸ್ವಲ್ಪ ಅಂಟು ತರ್ತೀನಿ.”

ಅವಳ ತವರಿನವರು ಆ ಕಸುಬಿನವರೆಂದು ಫಿದೆನ್ಸಿಯೊಗೆ ಗೊತ್ತಿತ್ತು. ಹೆಣ್ಣುಮಕ್ಕಳು ಅಲ್ಲಿ ಕಸ ಗುಡಿಸುತ್ತಿದ್ದರು ಎಂದುಕೊಂಡಿದ್ದ. ಈಗ ಅವಳು ಬಂದು ನೀರು ಕುದಿಸಿ, ಅಂಟಿನ ಉಂಡೆ ಬೇಯಿಸಿ, ಸುತ್ತಿಗೆಯಿಂದ ಬಡಿದು, ಕಸ ಆರಿಸಿ, ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಾಗ ಅವನ ಕಣ್ಣು ದೊಡ್ಡದಾಯಿತು.

“ಹುಷಾರು ಕಣೇ! ಅದು ಮಹಾಗುರುವಿನ ಗಿಳಿ. ತಲೆ ಬೇಕಾದ್ರೆ ಮಾಡು, ಕಾಲಿನ ಕಡೆ ಹೋಗ್ಬೇಡ. ಅದರಲ್ಲಿ ದೊಡ್ಡ ತತ್ತ್ವ ಇದೆ.”

ಒತಿಲಿಯಾ ಅಂಟನ್ನು ಬಾಯಿಂದ ತೆಗೆದಳು. “ತತ್ತ್ವವೂ ಇಲ್ಲ, ಗಿತ್ತ್ವವೂ ಇಲ್ಲ. ಅಪ್ಪ ಊಟಕ್ಕೆ ಕರೆದ್ರು. ಉಂಡು ಬರೋಷ್ಟರಲ್ಲಿ ಇನ್ನೊಂದು ಕಾಲು ಕೂರಿಸೋದು ಮರೆತುಹೋಯ್ತು. ನನಗಾಗ ಹದಿನೇಳು ವರ್ಷ.”

ಫಿದೆನ್ಸಿಯೊ ಕುರ್ಚಿ ಹುಡುಕಿಕೊಂಡು ಕೂತ.

“ಅಲ್ಲಾ... ತಂದ ದಿನಾನೇ ಯಾಕೆ ಹೇಳ್ಲಿಲ್ಲ?”

“ನೀವು ಅಷ್ಟೊಂದು ಹೊಗಳ್ತಿದ್ರಿ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ನನ್ನ ಹೊಗಳಿದ್ದು ಅದೇ ಮೊದಲು. ಇನ್ನೊಂದಷ್ಟು ದಿನ ಕೇಳೋಣ ಅಂತ ಸುಮ್ನಿದ್ದೆ.”

ಒಲೆಯ ಮೇಲಿನ ನೀರು ಗಳಗಳ ಎನ್ನುತ್ತಿತ್ತು. ಅವನು ಕೇಳಿದ, “ಇಷ್ಟು ಚೆನ್ನಾಗಿ ಬರ್ತಿತ್ತು. ಬಿಟ್ಟಿದ್ದೇಕೆ?”

“ಮದುವೆಯಾದ ತಿಂಗಳು ಇದೇ ಒಲೆ ಮೇಲೆ ಅಂಟು ಇಟ್ಟಿದ್ದೆ. ನೀವು ಕಚೇರಿಯಿಂದ ಬಂದು ಮೂಗು ಮುಚ್ಕೊಂಡ್ರಿ. ನೋಟರಿ ಗುಮಾಸ್ತನ ಹೆಂಡ್ತಿ ದನದ ಥರ ಮೆಲುಕು ಹಾಕ್ತಾ ಕೂತ್ರೆ ಜನ ಏನಂತಾರೆ ಅಂದ್ರಿ.”

ಹಾಗೆ ಅಂದದ್ದು ಅವನಿಗೆ ನೆನಪಿಗೆ ಬರಲಿಲ್ಲ. ಆದರೆ ಮಾತಿನ ಧಾಟಿಯೇ ಅದು ಯಾರದೆಂದು ಹೇಳುತ್ತಿತ್ತು. ಊರವರಿಗೆಲ್ಲ “ಇಂಥ ಕೈ ಎಲ್ಲಿದೆ” ಎಂದು ಕೇಳಿದ್ದವನು, ಆ ಕೈ ಬಗ್ಗಿಸಿದ ಕಾಫಿಯನ್ನು ಕುಡಿಯುತ್ತಲೇ ಕೇಳಿದ್ದ.

“ಯೋಚನೆ ಆಮೇಲೆ ಮಾಡಿ, ಅಂಟು ಆರುತ್ತೆ,” ಎಂದಳು ಒತಿಲಿಯಾ, ಹಸಿರು ಬಣ್ಣ ಕಲಸುತ್ತ. “ಇದನ್ನ ಎಳೆಯೋಕೆ ಇಬ್ಬರು ಬೇಕು. ಆ ಕಡೆ ಹಿಡೀರಿ. ಎರಡು ಮೂಲೆ ಕೈಯಲ್ಲಿ, ನಡುವೆ ಹಲ್ಲಲ್ಲಿ.”

“ಹಲ್ಲಲ್ಲಾ?”

“ಕಚ್ಚಿ ಅಂದೆ!”

ಕಚ್ಚಿದ. ಅವಳೂ ಕಚ್ಚಿ ಹಿಂದಕ್ಕೆ ಜಗ್ಗಿದಳು. ಆಕೆಯ ಹಲ್ಲು ದೇವರು ಕೊಟ್ಟದ್ದು, ಅವನದು ಹಲ್ಲಿನ ಡಾಕ್ಟರು ಕಟ್ಟಿಕೊಟ್ಟದ್ದು. ಕಳಕ್ ಎಂದು ಮೇಲಿನ ಸಾಲು ಪೂರ್ತಿಯಾಗಿ ಹೊರಬಂದು, ಅಂಟಿಗೆ ಕಚ್ಚಿಕೊಂಡು ನಡುವೆ ಜೋತಾಡಿತು. ಒತಿಲಿಯಾ ನಕ್ಕ ನಗುವಿಗೆ ಗೋಡೆಗೆ ಒರಗಬೇಕಾಯಿತು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ! ಫಿದೆನ್ಸಿಯೊ ಕೋಪ ಮಾಡಿಕೊಳ್ಳಲು ಹೊರಟು, ಹಲ್ಲಿಲ್ಲದ ಬಾಯಲ್ಲಿ ತಾನೂ ನಕ್ಕ.

ಎರಡನೇ ಸಲ ಹಲ್ಲನ್ನು ನಾಲಿಗೆಯಿಂದ ಒತ್ತಿ ಹಿಡಿದು ಕಚ್ಚಿದ. ಅಂಟು ಅಗಲವಾಗುತ್ತ, ತೆಳ್ಳಗಾಗುತ್ತ, ಕೊನೆಗೆ ಅದರಾಚೆ ಅವಳ ಮುಖ ಹಸಿರಾಗಿ ಕಾಣಿಸಿತು. ಆಮೇಲೆ ಅವಳು ಚೂರಿ ತೆಗೆದುಕೊಂಡು, ಗೆರೆಯಿಲ್ಲ, ಅಳತೆಯಿಲ್ಲ, ಒಂದೇ ಉಸಿರಿಗೆ ಗಿಳಿಯ ತಲೆ ಕತ್ತರಿಸಿ ಕೂರಿಸಿದಳು. ಕತ್ತಿನ ತಿರುವು ಅದೇ. ಕೂದಲೆಳೆಯಷ್ಟೂ ಬೇರೆಯಿಲ್ಲ. ಫಿದೆನ್ಸಿಯೊ ಒಳಗೆ ಹೋಗಿ ಚೀಟಿ ಹರಿದು ಇನ್ನೊಂದು ಬರೆದ. ಈ ಸಲ ಅದರಲ್ಲಿ ಹೆಸರಿತ್ತು.

ಶನಿವಾರ ಕಲಾಭವನ ತುಂಬಿತ್ತು. ಆದರೆ ಮಾತಾಡಬೇಕಾದವನು ಬಾಯಿ ತೆರೆಯುವಂತಿರಲಿಲ್ಲ. ಎರಡು ದಿನ ಸೋಡಾ, ನಿಂಬೆ, ಬೂದಿ ಹಾಕಿ ತಿಕ್ಕಿದರೂ ಹಲ್ಲು ಗಿಳಿಗಿಂತ ಹಸಿರಾಗಿಯೇ ಇದ್ದವು. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಕರವಸ್ತ್ರ ಬಾಯಿಗೆ ಒತ್ತಿಕೊಂಡು ಹೆಂಡತಿಯತ್ತ ಕೈ ತೋರಿದ. ಒತಿಲಿಯಾ ಎದ್ದು ನಿಂತು ಹತ್ತೇ ನಿಮಿಷ ಮಾತಾಡಿದಳು. ಜನ ಇನ್ನೂ ಹೇಳಿ ಎಂದರು. ಮೂವರು ತಮಗೂ ಅಂಥದ್ದು ಬೇಕೆಂದರು. ಇಬ್ಬರು ಹುಡುಗಿಯರು ಕಲಿಸುತ್ತೀರಾ ಎಂದು ಕೇಳಿದರು.

“ನಿಮ್ಮ ಯಜಮಾನರು ಏನೂ ಹೇಳಲ್ವಾ?” ಎಂದು ಯಾರೋ ಕೇಳಿದಾಗ ಅವಳು, “ಅವರು ಈಗಷ್ಟೇ ಕೆಲಸಕ್ಕೆ ಸೇರಿದ್ದಾರೆ. ಇನ್ನೂ ಕಲೀಬೇಕು,” ಎಂದಳು.

ಸೋಮವಾರ ಬೆಳಿಗ್ಗೆ ಫಿದೆನ್ಸಿಯೊ ಹಲ್ಲುಗಳನ್ನು ಲೋಟದಲ್ಲಿ ಮುಳುಗಿಸಿ, ಹಸಿರು ಒಂದಿಷ್ಟಾದರೂ ಬಿಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದ. ಅಡುಗೆಮನೆಯಲ್ಲಿ ನೀರು ಕುದಿಯುವ ಸದ್ದಾಯಿತು.

“ರೀ, ಹಲ್ಲು ಹಾಕ್ಕೊಂಡು ಬನ್ನಿ,” ಒತಿಲಿಯಾ ಕೂಗಿದಳು. “ಇವತ್ತು ಕೆಂಪು!”