ಕಾಶೀಬಾಯಿಯ ಕೋಳಿಗೆ ನಾನು ತಂದ ಸರ್ಟಿಫಿಕೇಟು

ಔರಾದಿನ ಹೈಸ್ಕೂಲಿನಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ಅದರಲ್ಲೂ ಲಿಂಗ ನಿರ್ಧಾರದ ಪಾಠವೆಂದರೆ ನನಗೆ ವಿಶೇಷ ಅಭಿಮಾನ. ಬೋರ್ಡಿನ ಎಡಕ್ಕೆ ಗಂಡು, ಬಲಕ್ಕೆ ಹೆಣ್ಣು, ನಡುವೆ ಒಂದು ಗೆರೆ. ಆ ಗೆರೆಯನ್ನು ಸ್ಕೇಲು ಹಿಡಿದೇ ಎಳೆಯುತ್ತೇನೆ. ಇಂಥ ಮನುಷ್ಯನ ಸುಪರ್ದಿಗೆ ಒಂದು ಕೋಳಿಯನ್ನು ಒಪ್ಪಿಸಿದರೆ ಅದು ಎಷ್ಟು ಸುರಕ್ಷಿತವಾಗಿರಬೇಡ, ನೀವೇ ಹೇಳಿ.

ಒಪ್ಪಿಸಿದವರು ಕಾಶೀಬಾಯಿ, ನಮ್ಮ ಓಣಿಯ ಕೊನೆಯ ಮನೆಯವರು. ಆ ವರ್ಷ ಸತತ ಎರಡನೇ ಸಲ ಮಳೆ ಕೈಕೊಟ್ಟಿತ್ತು. ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದು ಜನ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟಿದ್ದರು. ಹೋಗುವವರು ಉಳಿಯುವವರ ಮನೆಯಲ್ಲಿ ಆಡು, ಕೋಳಿ ಬಿಟ್ಟುಹೋಗುವುದು ನಮ್ಮಲ್ಲಿ ರೂಢಿ. ಅವರು ಬಂದಾಗ ಅಂಥದ್ದೇ ಇನ್ನೊಂದನ್ನಲ್ಲ, ಅದನ್ನೇ ತಿರುಗಿ ಕೊಡಬೇಕು. ಗಂಡ ಮಾಣಿಕಪ್ಪನವರೊಂದಿಗೆ ಹೊರಡುವ ದಿನ ಕಾಶೀಬಾಯಿ ಒಂದು ಕಂದು ಹೇಂಟೆಯನ್ನು ನನ್ನ ಕೈಗಿಟ್ಟರು.

"ಸರ, ನಮ್ಮವ್ವ ಸಾಕಿದ ಕೋಳ್ಯಾಗ ಇದೊಂದೇ ಉಳದದರಿ. ಅಕಿ ಹೋಗಿ ವರ್ಷ ಆಯ್ತು. ನಿಮ್ಮ ಭರೋಸಾದ ಮ್ಯಾಲ ಬಿಟ್ಟು ಹೊಂಟೇನಿ."

"ನಿಶ್ಚಿಂತಿಲೆ ಹೋಗಿ ಬರ್ರಿ. ಇದೇ ಕೋಳಿ ನಿಮ್ಮ ಕೈಯಾಗ ಇಡ್ತೇನಿ," ಎಂದೆ.

ಆಮೇಲೆ ಅವರು ಅಡುಗೆಮನೆಯಲ್ಲಿ ನನ್ನ ಹೆಂಡತಿ ಮಹಾದೇವಿಗೆ ಏನೋ ಹೇಳಿದರು. ಹೆಂಗಸರ ಮಾತೆಂದು ನಾನು ಕಿವಿಗೊಡಲಿಲ್ಲ.

ನಮ್ಮ ಮನೆಯಲ್ಲಿ ತತ್ತಿ ತಿನ್ನುವುದಿಲ್ಲ. ಹಾಗಾಗಿ ಗೋಡೆಯಾಚೆಯ ಬಟ್ಟೆ ಅಂಗಡಿಯ ಬಾಬುರಾವ್ ತತ್ತಿ ಒಯ್ಯುವುದೆಂದು ಠರಾವಾಯಿತು. ಅವರ ಅಂಗಳದಲ್ಲೂ ನಾಲ್ಕಾರು ಕೋಳಿಗಳಿದ್ದವು. ಒಂದು ತಿಂಗಳು ಎಲ್ಲ ಸುಸೂತ್ರ. ಆಮೇಲೆ ತತ್ತಿ ನಿಂತವು.

"ಇವತ್ತೂ ತತ್ತಿ ಇಲ್ಲೇನ್ರಿ ಮಾಸ್ತರ?" ಎಂದು ಬಾಬುರಾವ್ ಸಂಜೆಗೊಮ್ಮೆ ಕೇಳುತ್ತಿದ್ದರು. ಆ ದನಿಯಲ್ಲಿ ಅನಗತ್ಯವಾದ ಮುಗ್ಧತೆ ಇತ್ತು. ನಾನು ಶಾಲೆಗೆ ಹೋದಾಗ ಇವರೇ ಒಯ್ಯುತ್ತಿದ್ದಾರೆ ಎಂದು ತೀರ್ಮಾನಿಸಿದೆ. ತಮ್ಮದೇ ತತ್ತಿಯನ್ನು ತಾವೇ ಏಕೆ ಕದಿಯಬೇಕು ಎಂಬುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಅನುಮಾನ ತನ್ನ ಕೆಲಸ ತಾನು ಮಾಡುತ್ತಿತ್ತು.

ಅಷ್ಟರಲ್ಲಿ ಕೋಳಿಯ ನೆತ್ತಿಯ ಜುಟ್ಟು ಕೆಂಪಗೆ ಬೆಳೆಯತೊಡಗಿತು. ನಡಿಗೆ ಬದಲಾಯಿತು. ಎದೆ ಮುಂದೆ ಬಂತು. ಒಂದು ಬೆಳಿಗ್ಗೆ ಅದು ಕಾಂಪೌಂಡ್ ಗೋಡೆ ಹತ್ತಿ ಕುತ್ತಿಗೆ ಚಾಚಿ ಜೋರಾಗಿ ಕೂಗಿತು. ನನ್ನ ಕೈಯಲ್ಲಿದ್ದ ಚಹಾ ಲುಂಗಿಯ ಮೇಲೆ ಬಿತ್ತು.

ಈಗ ಎಲ್ಲ ಸ್ಪಷ್ಟವಾಯಿತು. ಬಾಬುರಾವ್ ತತ್ತಿಯನ್ನಲ್ಲ, ಕೋಳಿಯನ್ನೇ ಎತ್ತಿದ್ದಾರೆ. ಬದಲಿಗೆ ತಮ್ಮ ಹುಂಜ ಬಿಟ್ಟಿದ್ದಾರೆ.

"ಅದೇ ಕೋಳಿ ಅದರಿ," ಎಂದಳು ಮಹಾದೇವಿ.

"ನಿನಗ ಹ್ಯಾಂಗ ಗೊತ್ತು? ಸೈನ್ಸ್ ಓದೀಯೇನು?"

ಅವಳು ರೊಟ್ಟಿ ಬಡಿಯಲು ಹೋದಳು. ಹೋದ ಹಬ್ಬಕ್ಕೆ ಬಾಬುರಾವ್ ಇವಳಿಗೆ ಒಂದು ಕುಪ್ಪಸದ ಖಣ ಕೊಟ್ಟಿದ್ದು ನೆನಪಾಗಿ, ನನಗೆ ಇವಳ ಮೇಲೂ ಸಂಶಯ ಬಂತು.

ಮುಂದಿನ ಭಾನುವಾರ ಬಾಬುರಾವ್ ಅಂಗಡಿಗೆ ಮಾಲು ತರಲು ಬೀದರಿಗೆ ಹೋಗಿದ್ದರು. ನಾನು ಗೋಡೆ ಹಾರಿದೆ. ಅಲ್ಲಿ ಒಂದು ಕಂದು ಹೇಂಟೆ ಮಣ್ಣು ಕೆದರುತ್ತಿತ್ತು. ಅದೇ ಬಣ್ಣ, ಅದೇ ಬಡಪಾಯಿ ಮುಖ. ಅಪಹೃತಳನ್ನು ವಿಮೋಚನೆಗೊಳಿಸಿ ಮನೆಗೆ ತಂದೆ. ಮರುದಿನವೇ ಅದು ತತ್ತಿ ಇಟ್ಟಿತು. ಇನ್ನೇನು ಸಾಕ್ಷಿ ಬೇಕು?

ವಿಷಯ ಸ್ಫೋಟವಾದದ್ದು ನೀರಿನ ಟ್ಯಾಂಕರಿನ ಮುಂದೆ, ಇಡೀ ಓಣಿ ಕೊಡ ಹಿಡಿದು ನಿಂತಿದ್ದಾಗ.

"ಮಾಸ್ತರ, ನಮ್ಮ ಕೋಳಿ ನಿಮ್ಮ ಅಂಗಳಕ್ಕ ಬಂದದೇನ್ರಿ?"

"ಬಂದಿಲ್ಲ ಬಾಬುರಾವ್. ತಿರುಗಿ ಬಂದದ," ಎಂದು ನಾನು ಆರೋಪಪಟ್ಟಿ ಓದಿದೆ.

ಸರದಿಯಲ್ಲಿದ್ದ ಒಬ್ಬ ಮುದುಕಿ, "ಹೇಂಟಿ ಕೂಗಿದ್ರ ಓಣಿಗೆ ಛಲೋ ಅಲ್ಲ. ಅದಕ್ಕೇ ಈ ಸಲನೂ ಮಳಿ ಇಲ್ಲ. ಕೊಯ್ದು ಬಿಡ್ರಿ," ಎಂದಳು. ನಾಲ್ಕು ಜನ ಹೌದೆಂದರು.

"ಅದು ಹೇಂಟಿ ಅಲ್ಲ, ಹುಂಜ," ಎಂದು ನಾನು ಅಬ್ಬರಿಸಿದೆ.

ಬಾಬುರಾವ್ ಕೊಡ ಕೆಳಗಿಟ್ಟು ಮೆಲ್ಲಗೆ ಹೇಳಿದರು. "ಹುಂಜ ಅಂತ ಡಾಕ್ಟರ ಕಡಿಂದ ಬರಿಸಿಕೊಂಡು ಬರ್ರಿ. ನಾ ಓಣಿ ಮುಂದ ನಿಮ್ಮ ಕಾಲು ಹಿಡೀತೇನಿ."

ಔರಾದಿನ ಪಶು ವೈದ್ಯರು ಬಾಬುರಾವ್ ಅಂಗಡಿಯಲ್ಲಿ ಚಹಾ ಕುಡಿಯುವುದನ್ನು ನಾನು ಎರಡು ಸಲ ಕಂಡಿದ್ದೆ. ಆದ್ದರಿಂದ ಭಾಲ್ಕಿಯೇ ಸರಿ ಎಂದು ಕೂಗುವ ಕೋಳಿಯನ್ನು ಚೀಲದಲ್ಲಿ ಹಾಕಿ ಬಸ್ಸು ಹತ್ತಿದೆ. ಠಾಣಾ ಕುಶನೂರ ಬರುವಷ್ಟರಲ್ಲಿ ಅದು ಚೀಲದೊಳಗಿಂದಲೇ ಆರು ಸಲ ಕೂಗಿತು. ಜನ ನನ್ನನ್ನು ನೋಡಿದರು. ನಾನು ಕಿಟಕಿಯಾಚೆ ನೋಡಿದೆ.

ಭಾಲ್ಕಿಯ ದವಾಖಾನೆಯಲ್ಲಿದ್ದವರು ಒಬ್ಬ ಡಾಕ್ಟರಮ್ಮ. ಕೋಳಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಹೇಂಟಿ," ಎಂದರು.

"ಕೂಗ್ತದರಿ."

"ಕೂಗಲಿ. ಕೋಳ್ಯಾಗ ಎಡಗಡಿ ಅಂಡಾಶಯ ಒಂದೇ ಕೆಲಸ ಮಾಡ್ತದ. ಅದು ಕೆಟ್ರ ಒಮ್ಮೊಮ್ಮೆ ಬಲಗಡಿ ಸುಮ್ಮ ಮಲಗಿದ್ದದ್ದು ಏಳ್ತದ, ಗಂಡಿನ ಹಾರ್ಮೋನ್ ಬರ್ತದ. ತತ್ತಿ ನಿಂತು ಜುಟ್ಟು ಬೆಳೀತದ."

"ಅಂದ್ರ ಗಂಡು ಅನ್ರಿ."

"ವರ್ಣತಂತು ಹೆಣ್ಣಿಂದೇ ಅದ."

"ಅಂದ್ರ ಹೆಣ್ಣು."

"ಕೂಗೋದೂ ಖರೇನೇ ಅದಲ್ರಿ."

"ಡಾಕ್ಟರ, ಯಾವುದಾರ ಒಂದು ಬರೀರಿ."

ಅವರು ಪೆನ್ನು ಹಿಡಿದು ನನ್ನನ್ನೇ ನೋಡಿದರು. "ನೀವು ಏನ್ ಕೆಲಸ ಮಾಡ್ತೀರಿ?"

"ಕ್ಲರ್ಕ್ ಇದ್ದೇನ್ರಿ," ಎಂದೆ. ನನ್ನ ವೃತ್ತಿಯ ಮಾನ ಉಳಿಸಲು ಅದೊಂದೇ ದಾರಿ ಉಳಿದಿತ್ತು.

'ಹೇಂಟೆ' ಎಂದು ಠಸ್ಸೆ ಹೊಡೆದ ಸರ್ಟಿಫಿಕೇಟು ಹಿಡಿದು ಮರಳಿದೆ. ಅಂದರೆ ಗೋಡೆಯಾಚೆಯಿಂದ ನಾನು ತಂದದ್ದು ಶುದ್ಧ ಕಳವಿನ ಮಾಲು. ಯಾರಿಗೂ ಕಾಣದಂತೆ ಅದನ್ನು ತಿರುಗಿ ಬಿಡಲು ಗೋಡೆಯ ಮೇಲೆ ಒಂದು ಕಾಲು ಹಾಕಿದ್ದೆ. ಆ ಕಡೆ ಬಾಬುರಾವ್ ಬೇವಿನಕಡ್ಡಿ ಕಚ್ಚಿಕೊಂಡು ನಿಂತಿದ್ದರು.

"ಬಾಗಿಲದಿಂದ ಬರ್ರಿ ಮಾಸ್ತರ. ಬೀಳ್ತೀರಿ," ಎಂದರು. ಅಷ್ಟೇ ಎಂದರು. ಬೈದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮೊದಲ ಮಳೆಗೆ ಗಂಡನೊಂದಿಗೆ ಕಾಶೀಬಾಯಿ ಮರಳಿದರು. ಕೋಳಿ ಗೋಡೆಯ ಮೇಲೆ ನಿಂತು ಕೂಗುತ್ತಿತ್ತು. ಅವರು 'ಇದು ನಂದಲ್ಲ' ಎಂದರೆ ಹತ್ತೊಂಬತ್ತು ವರ್ಷದ ಮಾಸ್ತರಿಕೆ ಮಣ್ಣುಪಾಲು. ನಾನು ಸರ್ಟಿಫಿಕೇಟು ಮುಂದೆ ಹಿಡಿದೆ. ಅವರು ಅದನ್ನು ನೋಡಲೂ ಇಲ್ಲ. ಕೋಳಿಯನ್ನು ಹಿಡಿದು ಬಲಗಾಲು ಎತ್ತಿದರು. ಹಿಂಬೆರಳಿನ ತುದಿ ಇರಲಿಲ್ಲ.

"ಮರಿ ಇದ್ದಾಗ ಗುರ್ತಿಗೆ ನಮ್ಮವ್ವ ಕತ್ತರಿಸಿದ್ದು. ನಂದೇ ಅದ. ಅಕ್ಕೋರಿಗೆ ಹೇಳಿ ಹೋಗಿದ್ದೆ ನೋಡ್ರಿ."

"ನಾ ಹೇಳ್ದೆ. ಸೈನ್ಸ್ ಓದೀಯೇನು ಅಂದ್ರು," ಎಂದಳು ಮಹಾದೇವಿ.

"ಆದ್ರ ಕಾಶೀಬಾಯಿ, ಅದು ಹುಂಜದಂಗ ಕೂಗ್ತದ," ಎಂದೆ.

"ಕೂಗಲಿ ಬಿಡ್ರಿ ಸರ. ಅಲ್ಲಿ ಇವರ ಬೆನ್ನು ಹಿಡೀತು. ನಾ ಗ್ವಾಡಿಗೆ ಗಿಲಾವ್ ಮಾಡ್ದೆ, ಇವರು ರೊಟ್ಟಿ ಬಡದ್ರು. ಮೇಸ್ತ್ರಿ ಮೊದ್ಲ ನಕ್ಕ. ಗ್ವಾಡಿ ನೋಡಿ ಸುಮ್ಮನಾದ. ಬರಗಾಲದಾಗ ಯಾರಿಗೆ ಏನೇನು ಬರ್ತದ ಯಾರಿಗ್ಗೊತ್ತು?"

"ರೊಟ್ಟಿ ಮೊದಲನೇ ವಾರ ಹರೀತಿದ್ವರಿ, ಈಗ ದುಂಡಗ ಬರ್ತಾವ," ಎಂದು ಮಾಣಿಕಪ್ಪ ಅಂಗೈ ಅಗಲಿಸಿ ತೋರಿಸಿದರು.

ಮರುವರ್ಷವೂ ಅವರು ಹೈದರಾಬಾದಿಗೆ ಹೊರಟರು. ನಾನು ಬಾಗಿಲಲ್ಲಿ ಕೈ ಚಾಚಿ ನಿಂತೆ. ಕಾಶೀಬಾಯಿ ನನ್ನನ್ನು ದಾಟಿ ಹೋಗಿ ಕೋಳಿಯನ್ನು ಬಾಬುರಾವ್ ಕೈಗೆ ಕೊಟ್ಟರು.

"ತಪ್ಪು ತಿಳೀಬ್ಯಾಡ್ರಿ ಸರ. ನೀವು ಭಾಳ ಓದೀರಿ."

ಈಗ ಆ ಕೋಳಿ ಗೋಡೆಯಾಚೆ ಇದೆ. ಬೋರ್ಡಿನ ಮೇಲೆ ಗೆರೆ ಎಳೆಯುವಾಗ ನಾನು ಸ್ಕೇಲು ಬಿಟ್ಟಿದ್ದೇನೆ. ಆದರೆ ದಿನಾ ಬೆಳಿಗ್ಗೆ ಅದು ಸರಿಯಾಗಿ ನನ್ನ ಕಿಟಕಿಯ ಕಡೆ ಮುಖ ಮಾಡಿಯೇ ಕೂಗುತ್ತದೆ. ಬಾಬುರಾವ್ ಕಲಿಸಿಕೊಟ್ಟಿದ್ದಾರೆಂದು ನನಗೆ ಬಲವಾದ ಅನುಮಾನ.